ಈ ವಾರ ಯಾರ ಪಾಳಿ

"ಕಣ್ಣು ಮುಚ್ಚವ್ವಾ. ತಣ್ಣಗ ಹತ್ತತೈತಿ, ಅಂಜಬ್ಯಾಡ."

ಡಾಕ್ಟರ್ ಭಾಗ್ಯಜ್ಯೋತಿ ಬರ್ಫದ ತುಂಡನ್ನು ಅರಿವೆಯಲ್ಲಿ ಸುತ್ತಿ ಜೈನಬಿಯ ಎಡಗಣ್ಣಿನ ಮೇಲೆ ಒತ್ತಿ ಹಿಡಿದಳು. ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳ ಸದ್ದು ಮನೆಯಿಂದ ಮನೆಗೆ ಹರಿದು ಬರುತ್ತಿತ್ತು. ಪಕ್ಕದ ಚಂದವ್ವನ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು. ಆ ಮೌನವೇ ಅಂದಾನಪ್ಪನ ಕಿವಿಗೆ ಜೋರಾಗಿ ಕೇಳುತ್ತಿತ್ತು.

ಜಮೇದಾರನಾಗಿ ಪೊಲೀಸ್ ಖಾತೆಯಿಂದ ನಿವೃತ್ತನಾದ ಅಂದಾನಪ್ಪ, ಡಾಕ್ಟರೇ ಸಹಾಯಕ್ಕೆ ಕರೆದದ್ದರಿಂದ ಬಂದು, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯ ಪಕ್ಕ ಗೋಡೆಗೆ ಒರಗಿ ಕುಳಿತಿದ್ದ. ಬರ್ಫ ತಂದುಕೊಟ್ಟ ನಾಗಲಿಂಗ ಹೊಸ್ತಿಲ ಬಳಿಯೇ ನಿಂತುಬಿಟ್ಟಿದ್ದ. ಓಣಿಯ ಮೂಲೆಯಲ್ಲಿ ಅವನದು ಸೋಡಾ, ಶರಬತ್ತಿನ ಅಂಗಡಿ. ಕಪ್ಪು ಕನ್ನಡಕ ಹಾಕಿಕೊಂಡು, ಗದ್ದವನ್ನು ಅಂಗೈಯಲ್ಲಿ ಊರಿಕೊಂಡು, ಸಿನಿಮಾ ನೋಡುವವನ ಹಾಗೆ ನೋಡುತ್ತಿದ್ದ.

ಡಾಕ್ಟರ್ ಅರಿವೆ ತೆಗೆದಳು. ಅರ್ಧ ಬಿದ್ದ ಬಾಗಿಲಿನಂತಿದ್ದ ಜೈನಬಿಯ ರೆಪ್ಪೆ ಮೇಲೆದ್ದಿತ್ತು. ಕಣ್ಣು ಪೂರ್ತಿ ತೆರೆದಿತ್ತು.

"ಯವ್ವಾ! ಇದೇನ ಜಾದೂ?" ಎಂದ ಅಂದಾನಪ್ಪ.

"ಜಾದೂ ಅಲ್ಲ ಕಾಕಾ. ಈ ರೋಗದಾಗ ನರ ಹೇಳಿದ್ದು ಸ್ನಾಯುವಿಗೆ ಮುಟ್ಟೂದಿಲ್ಲ. ಮೈ ಕಾಯಬೇಕಾದ ರಕ್ತದೊಳಗಿನ ಕಾವಲುಗಾರರೇ ನಡುವಿನ ತಂತಿ ಹರಿದು ಒಗೀತಾರ. ತಂಪು ಹತ್ತಿದ್ರ ಒಂದೀಟು ಹೊತ್ತು ಮಾತು ಮುಟ್ಟತೈತಿ. ಬ್ಯಾರೆ ಕಾರಣಕ್ಕ ಇಳಿದ ರೆಪ್ಪಿ ಸಾಮಾನ್ಯಕ್ಕ ಹಿಂಗ ಏಳೂದಿಲ್ಲ."

ಅವಳು ಹೇಳಿ ಮುಗಿಸುವಷ್ಟರಲ್ಲಿ ರೆಪ್ಪೆ ಮತ್ತೆ ಮೆಲ್ಲಗೆ ಇಳಿಯತೊಡಗಿತ್ತು.

ಇದೇ ರೋಗದ ಚಂದವ್ವ ಕಳೆದ ಸೋಮವಾರ ಸಂಜೆ ಮಗ್ಗದ ಕುಣಿಯಲ್ಲಿ ಕುಳಿತಲ್ಲೇ ಉಸಿರು ಕಟ್ಟಿ ಬಿದ್ದು, ಈಗ ಬಾಗಲಕೋಟೆಯಲ್ಲಿ ಉಸಿರಾಟದ ಯಂತ್ರದ ಮೇಲೆ ಮಲಗಿದ್ದಳು. ಭಾಗ್ಯಜ್ಯೋತಿ ಹೊಸ ಔಷಧದ ಪ್ರಯೋಗಕ್ಕೆ ಸೇರಿಸಿಕೊಂಡಿದ್ದ ರೋಗಿಗಳಲ್ಲಿ ಇಳಕಲ್ಲಿನವರು ಇಬ್ಬರೇ, ಚಂದವ್ವ ಮತ್ತು ಜೈನಬಿ. "ನನ್ನ ಹೆಂಡ್ತಿ ಮ್ಯಾಲೆ ಏನೇನೋ ಪ್ರಯೋಗ ಮಾಡ್ಯಾರ" ಎಂದು ಗಂಡ ದುರ್ಗಪ್ಪ ಪೊಲೀಸರಿಗೆ ದೂರು ಕೊಟ್ಟಿದ್ದ. ಇವತ್ತು ಮಧ್ಯಾಹ್ನ ಬಾಗಲಕೋಟೆಯಲ್ಲಿ ಹಿರಿಯ ವೈದ್ಯರ ಸಮಿತಿ ಕೂಡುವುದಿತ್ತು. ಪ್ರಯೋಗ ಮುಂದುವರಿಯಬೇಕೋ, ಅಲ್ಲಿಗೇ ಮುಗಿಯಬೇಕೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕಿಂತ ದೊಡ್ಡದು ಚಂದವ್ವನ ಜೀವ. ಏನಾಗಿದೆ ಎಂದೇ ತಿಳಿಯದೆ ಅವಳಿಗೆ ಏನು ಕೊಡುವುದು?

"ಇನ್ನೊಮ್ಮೆ ಹೇಳವ್ವಾ, ನನ್ನ ತಲಿ ಒಳಗ ಹೋಗವಲ್ದು" ಎಂದ ಅಂದಾನಪ್ಪ. "ಅರ್ಧ ಮಂದಿಗೆ ಖರೆ ಔಷಧ, ಅರ್ಧ ಮಂದಿಗೆ ಉಪ್ಪುನೀರು. ಯಾರಿಗೆ ಯಾವುದು ಅಂತ ನಿನಗೂ ಗೊತ್ತಿರೂದಿಲ್ಲ."

"ಗೊತ್ತಿರಬಾರದು ಕಾಕಾ. ಗೊತ್ತಿದ್ರ ಕಣ್ಣು ಬೇಕಾದ್ದನ್ನ ಕಾಣತೈತಿ."

"ಚಂದವ್ವ ಬಿದ್ದ ಮ್ಯಾಲೆ ಆಕಿ ಗುಟ್ಟು ಒಡೆದು ನೋಡಿದ್ರಿ. ಆಕಿದು ಖರೆ ಔಷಧ."

"ಹೌದು. ಖರೆ ಔಷಧದ ಸೂಜಿ ವಾರಾ ವಾರಾ ತಗೊಂಡಾಕಿ ರಕ್ತದಾಗ ಆ ಕಾವಲುಗಾರರು ಭಾಳ ಕಡಿಮಿ ಆಗಿರಬೇಕು. ತಗೊಳ್ಳದಿದ್ರ ಮೊದಲಿನಷ್ಟೇ ಇರಬೇಕು. ಚಂದವ್ವಂದು ಎರಡೂ ಅಲ್ಲ. ನಟ್ಟನಡುವ ನಿಂತೈತಿ."

ಅಂದಾನಪ್ಪ ತಲೆ ಕೆರೆದುಕೊಂಡ. "ಅರ್ಧ ಕಳುವಾಗೈತಿ ಅಂತ ಯಾರೂ ನನ್ನ ಠಾಣೆಗೆ ಬಂದಿದ್ದಿಲ್ಲ, ತಂಗಿ. ಆಗಿದ್ರ ಆಗೈತಿ, ಇಲ್ಲಂದ್ರ ಇಲ್ಲ."

ಭಾಗ್ಯಜ್ಯೋತಿಯ ಮೊಬೈಲು ಟಿಣ್ ಎಂದಿತು. ನೋಡಿದವಳೇ ಹುಬ್ಬು ಗಂಟಿಕ್ಕಿಕೊಂಡಳು.

"ಇನ್ನೊಂದು ಬಂತು ನೋಡ್ರಿ. ನಿನ್ನೆ ತೆಗೆದಿದ್ದ ಜೈನಬವ್ವನ ರಕ್ತ. ಅದೂ ನಡುವs ಐತಿ!"

ಅಂದಾನಪ್ಪನಿಗೆ ಇದ್ದ ಗೊಂದಲದ ಮೇಲೆ ಇನ್ನೊಂದು ಹೇರು ಬಿದ್ದಂತಾಯಿತು. ಕಳ್ಳನೊಬ್ಬ ಇಬ್ಬರ ಸೂಜಿಯಲ್ಲೂ ಅರ್ಧರ್ಧ ಕದ್ದನೇ? ಸೂಜಿ ಕದಿಯಬಹುದು. ಸೂಜಿಯೊಳಗಿನ ಅರ್ಧವನ್ನು ಹೇಗೆ ಕದಿಯುವುದು, ಯಾಕೆ ಕದಿಯುವುದು?

ಜೈನಬಿ ಇದಾವುದಕ್ಕೂ ಕಿವಿಗೊಡದವಳಂತೆ ಎದ್ದು ಚಹಾ ಸೋಸಿದಳು. ಡಬ್ಬಿಯಿಂದ ಕರದಂಟಿನ ತುಂಡುಗಳನ್ನು ತೆಗೆದು ಇಬ್ಬರ ಮುಂದೆಯೂ ಇಟ್ಟಳು. "ಔಷಧ ತರೋ ಸಂತೋಷಕುಮಾರ ಬಂದಾಗೊಮ್ಮೆ ತರ್ತಾನ್ರಿ. ಆತನ ಹೆಂಡ್ತಿ ತವರುಮನಿ ಅಮೀನಗಡ. ಅವರದs ಅಂಗಡಿ." ತನಗೆಂದು ಉಳಿದ ತುಂಡನ್ನು ಮುರಿದು, ಒಂದು ಪಾಲು ಬಾಯಿಗಿಟ್ಟುಕೊಂಡು, ಇನ್ನೊಂದನ್ನು ನಡುಗೋಡೆಯ ಗೂಡಿನಲ್ಲಿಟ್ಟಳು. ಆ ಗೂಡಿಗೆ ಹಿಂಬದಿ ಇರಲಿಲ್ಲ. ಅದರೊಳಗಿಂದ ಚಂದವ್ವನ ಮನೆಯ ಅಡುಗೆ ಕಟ್ಟೆ ಕಾಣುತ್ತಿತ್ತು.

"ಅದ್ಯಾರಿಗೆ ಜೈನಬವ್ವಾ?"

"ಚಂದವ್ವಗ."

"ಆಕಿ ಇಲ್ಲೆ ಇಲ್ಲಲ್ಲ?"

ಜೈನಬಿ ತನ್ನ ಕೈಯನ್ನೇ ನೋಡಿಕೊಂಡಳು. "ಕೈಗೆ ರೂಢಿ ಬಿದ್ದೈತಿ, ಯಣ್ಣಾ. ಎಳ್ಳಿನ ಹೋಳಿಗಿ ಆ ಕಡಿಂದ ಬರ್ತಾವ, ರಂಜಾನ್ ಬಂದ್ರ ಸುರಕುಂಬಾ ಈ ಕಡಿಂದ ಹೋಗತೈತಿ. ನಡುವ ಎಷ್ಟು ವರ್ಷ ಹೋದುವೋ."

ಅಂದಾನಪ್ಪ ಚಹಾದ ಬಸಿಯನ್ನು ಕೆಳಗಿಟ್ಟ. "ನಾಗಲಿಂಗಾ, ಅಂಗಡಿ ಬಿಟ್ಟು ಬಂದೀ, ಯಾರರ ಬಾಟ್ಲಿ ಹೊತ್ತೊಯ್ದಾರು. ನಡೀ." ನಾಗಲಿಂಗ ಒಲ್ಲದ ಮನಸ್ಸಿನಿಂದ ಸರಿದು ಹೋದ. ಅವನ ಹೆಜ್ಜೆ ದೂರವಾಗುವವರೆಗೆ ಕಾದು, ಅಂದಾನಪ್ಪ ಮಗಳನ್ನು ಕೇಳುವ ದನಿಯಲ್ಲಿ ಕೇಳಿದ.

"ಸೂಜಿನೂ ಹಿಂಗs ಹಂಚಿಕೊಂಡ್ರೇನು, ತಂಗಿ?"

ಜೈನಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ಹೌದೆಂದು ತಲೆ ಆಡಿಸಿದಳು.

ಭಾಗ್ಯಜ್ಯೋತಿ ಥಟ್ಟನೆ ಅವಳತ್ತ ತಿರುಗಿದಳು.

"ಆಕಿ ಸೂಜಿ ಹತ್ತಿತು, ನಂದು ಹತ್ಲಿಲ್ರಿ. ಆಕಿಗೆ ಕಣ್ಣು ನೆಟ್ಟಗಾತು, ನುಂಗೂದು ಬಂತು. ನಾ ಇದ್ದಲ್ಲೇ ಇದ್ದೆ. ಇಬ್ಬರಿಗೂ ಗೊತ್ತಾತು, ನಂದು ಬರೇ ನೀರು ಅಂತ. ಆಕೀನs ಅಂದ್ಲು, 'ಜೈನಬಿ, ಒಂದು ವಾರ ನನ್ನ ಪಾಳಿ, ಒಂದು ವಾರ ನಿನ್ನ ಪಾಳಿ.' ನಾ ಒಲ್ಲೆ ಅಂದೆ. ಕೇಳಿದ್ರ ತಾನ? ಸೂಜಿ ತಾನs ತಂದು ನನ್ನ ಹೊಟ್ಟಿಗೆ ಚುಚ್ಚಿದ್ಲು. ಆಕಿ ಪಾಳಿ ವಾರ ನಾ ನನ್ನ ನೀರು ಚುಚ್ಚಿಕೋತಿದ್ದೆ, ನನ್ನ ಪಾಳಿ ವಾರ ಆ ನೀರು ಆಕಿ."

"ನನಗ ಒಂದು ಮಾತು ಹೇಳಬಾರದಿತ್ತೇನು?" ಎಂದಳು ಭಾಗ್ಯಜ್ಯೋತಿ. "ನಿಮ್ಮಿಬ್ಬರನ್ನ ನಂಬಿ, ಈ ರೋಗದವರು ಎಷ್ಟು ಮಂದಿ ದಾರಿ ಕಾಯಾಕ ಹತ್ಯಾರ ಗೊತ್ತೈತಿ? ನಿಮ್ಮ ರಕ್ತ ನೋಡಿ ನಾ ಏನಂತ ಬರೀಲಿ?"

"ಸೀರಿಗೆ ಸೆರಗು ಕೂಡಿಸೂದು ನೋಡೀರೇನ್ರಿ ನೀವು?" ಜೈನಬಿಯ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಸಿ ಹೇಳುವ ತಾಳ್ಮೆ ಇತ್ತು. "ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಒಂದೊಂದಕ್ಕ ಕೊಂಡಿ ಹಾಕಿ ಕೂಡಿಸಬೇಕು. ಆ ತುದಿ ಆಕಿ ಹಿಡೀಬೇಕು, ಈ ತುದಿ ನಾ ಹಿಡೀಬೇಕು. ನನಗ ಒಂದು ಎಳಿ ಎರಡಾಗಿ ಕಾಣ್ತಿತ್ತು. ಆಕಿ ಒಬ್ಬಾಕಿ ನೆಟ್ಟಗಾಗಿ ಏನು ಮಾಡೂದಿತ್ರಿ?"

ಡಾಕ್ಟರಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಅವಳಿಗೇ ತಿಳಿಯಲಿಲ್ಲ. ಕಂಡಿಕೆಯ ಬುಟ್ಟಿಯ ಪಕ್ಕ ದೊಪ್ಪನೆ ಕುಳಿತಳು. ಎಷ್ಟೋ ಊರು ತಿರುಗಿ, ಎಷ್ಟೋ ಜನರ ಕೈಕಾಲು ಹಿಡಿದು ಕಟ್ಟಿದ ಕೆಲಸವನ್ನು ಇಬ್ಬರು ಗೆಳತಿಯರ ಮಮತೆ ಕೆಡಿಸಿಬಿಟ್ಟಿತ್ತು. ಇದಕ್ಕೆ ಯಾರ ಮೇಲೆ ದೂರು ಕೊಡುವುದು?

ಅಂದಾನಪ್ಪನಿಗೆ ಒಂದು ಗಂಟು ಬಿಚ್ಚಿತೆಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. "ಸೋಮವಾರ ಯಾರ ಪಾಳಿ ಇತ್ತವ್ವಾ?"

"ಆಕಿದು. ಮುಂಜಾನಿ ಇಬ್ಬರೂ ಕೂಡೇ ಕೊಂಡಿ ಹಾಕಿದಿವಿ. ಹಾಡು ಹೇಳಿಕೋಂತ ಕುಂತಿದ್ಲು. ಮಧ್ಯಾಹ್ನ ಸೂಜಿ ತಗೊಂಡ್ಲು. ಹೊತ್ತು ಇಳಿಯೂದ್ರಾಗ..." ಜೈನಬಿ ನಡುಗೋಡೆಯ ಗೂಡಿನತ್ತ ತಿರುಗಿದಳು.

"ಈ ವಾರ?"

"ಈ ವಾರ ನಂದು. ನಂಗ ಬ್ಯಾಡ್ರಿ ಈಗ."

ಹೆದರಿದ್ದಾಳೆ ಎಂದುಕೊಂಡ ಅಂದಾನಪ್ಪ. ಹೆದರುವುದು ಸಹಜವೇ.

"ಯಾರೂ ಏನೂ ತಗೋಬ್ಯಾಡ್ರಿ" ಎಂದಳು ಭಾಗ್ಯಜ್ಯೋತಿ ಏಳುತ್ತಾ. "ಉಳಿದ ಸೂಜಿ ಎಲ್ಲಾ ಸಮಿತಿಗೆ ಒಪ್ಪಿಸಬೇಕು. ಕಾಕಾ, ಮನ್ಯಾಗ ಫ್ರಿಜ್ ಇಲ್ಲಂತ ನಾಗಲಿಂಗನ ಅಂಗಡಿ ಫ್ರಿಜ್‌ನ್ಯಾಗ ಇಡಿಸೇವಿ. ಎರಡೂ ಡಬ್ಬಿ ನೀವು ತಗೊಂಡು ಹಿಂದಿಂದ ಬರ್ರಿ. ನನಗ ಹೊತ್ತಾಗೈತಿ."

"ನನ್ನೂ ಕರಕೊಂಡು ಹೋಗ್ರಿ ಡಾಕ್ಟರವ್ವಾ" ಎಂದಳು ಜೈನಬಿ. "ಒಮ್ಮೆ ಆಕಿ ಮುಖಾ ನೋಡ್ತೇನಿ."

ಬೇಡವೆನ್ನಲು ಯಾರಿಗೆ ಬಾಯಿ ಬಂದೀತು? ಜೈನಬಿ ಬುರ್ಖಾ ಹಾಕಿಕೊಂಡು ಮೂಲೆಯ ಅಂಗಡಿಗೆ ಹೋಗಿ, ಸ್ವಲ್ಪ ಹೊತ್ತಿಗೆ ಒಂದು ಕೈಚೀಲ ಹಿಡಿದು ಬಂದಳು. ಕಾರು ಹತ್ತಲು ಅವಳ ಕಾಲಿಗೆ ಬಲ ಸಾಲದೆ, ಅಂದಾನಪ್ಪನೇ ಚೀಲ ಹಿಡಿದುಕೊಂಡು, ಅವಳು ಕುಳಿತ ಮೇಲೆ ಮಡಿಲಲ್ಲಿಟ್ಟ. ಚೀಲದ ಬುಡ ತಣ್ಣಗೆ, ತೊಯ್ದು ಹೋಗಿತ್ತು.

"ಏನವ್ವಾ ಇದು, ಇಷ್ಟು ಥಂಡಿ?"

"ಚಂದವ್ವಗ, ಯಣ್ಣಾ."

ದುರ್ಗಪ್ಪನಿಗೆ ಸೋಡಾ ಒಯ್ಯುತ್ತಿರಬೇಕು, ಜೈನಬಿ ನಾಚಿಕೊಂಡು ಹಾಗೆ ಹೇಳಿದಳು ಎಂದುಕೊಂಡ ಅಂದಾನಪ್ಪ. ಕಾರು ಹುನಗುಂದದ ಕಡೆ ಹೊರಟಿತು.

ಅವನು ಮೂಲೆಗೆ ಬರುವಷ್ಟರಲ್ಲಿ ನಾಗಲಿಂಗನ ಅಂಗಡಿ ಬಾಗಿಲು ಹಾಕಿತ್ತು.

"ಮಧ್ಯಾಹ್ನ ಆತಂದ್ರ ಮಲಗ್ತಾನ್ರಿ ಈಗೀಗ" ಎಂದಳು ಎದುರು ಮನೆಯ ಮುದುಕಿ. "ಮೊದಲ ಹಂಗಿದ್ದಿಲ್ಲ. ಹಗಲೆಲ್ಲಾ ಸೋಡಾ ಬಾಟ್ಲಿ ಒಡೆದದ್ದs ಒಡೆದದ್ದು. ಎಬ್ಬಿಸಿದ್ರ ಏಳೂದಿಲ್ಲ, ಉಂಡು ಬರ್ರಿ."

ಅಂದಾನಪ್ಪ ಖಾನಾವಳಿಗೆ ಹೋಗಿ ರೊಟ್ಟಿ, ಮಡಕಿ ಕಾಳಿನ ಪಲ್ಯ ಉಂಡ. ಉಂಡರೆ ತಲೆ ತಿಳಿಯಾಗುತ್ತದೆ ಎಂಬುದು ಅವನ ನಂಬಿಕೆ. ಇವತ್ತು ಹೊಟ್ಟೆಯಷ್ಟೇ ತುಂಬಿತು. ಗೆಳತಿಯರು ಹಂಚಿಕೊಂಡಿದ್ದರಿಂದ ಅರ್ಧದ ಲೆಕ್ಕ ಸರಿಹೋಯಿತು, ನಿಜ. ಆದರೆ ಅರ್ಧ ಔಷಧದಲ್ಲೇ ಇಷ್ಟು ದಿನ ಎದ್ದು ಓಡಾಡಿದವಳು ಒಂದೇ ಸಂಜೆಗೆ ಯಾಕೆ ಬಿದ್ದಳು? ಅದೂ ನೀರಿನ ವಾರದಲ್ಲಲ್ಲ, ಔಷಧದ ವಾರದಲ್ಲಿ! ಮುಂಜಾನೆ ಕೂದಲಿನಂಥ ಎಳೆಗೆ ಕೊಂಡಿ ಹಾಕಿದ ಕಣ್ಣು ಅವಳದು. ಮುಂಜಾನೆಗೂ ಸಂಜೆಗೂ ನಡುವೆ ಅವಳ ಮೈಯೊಳಗೆ ಹೋದದ್ದು ಆ ಸೂಜಿ ಒಂದೇ.

ಒಳ್ಳೆಯದು ಮಾಡಬೇಕಾದದ್ದೇ ಕೆಟ್ಟದು ಮಾಡಿತೇ? ಹಾಗಾದರೆ ದುರ್ಗಪ್ಪ ಹೇಳಿದ್ದೇ ನಿಜವೇ? ಈ ಹುಡುಗಿ ಭಾಗ್ಯಜ್ಯೋತಿ ತನ್ನಿಂದಲೂ ಏನಾದರೂ ಮುಚ್ಚಿಡುತ್ತಿದ್ದಾಳೆಯೇ? ಅಂದಾನಪ್ಪನಿಗೆ ಹಾಗೆ ಯೋಚಿಸಿದ್ದಕ್ಕೇ ನಾಚಿಕೆಯಾಯಿತು. ಆದರೂ ಯೋಚನೆ ಎದ್ದು ಹೋಗಲಿಲ್ಲ.

ಅಂಗಡಿ ತೆರೆದಾಗ ನಾಗಲಿಂಗ ಸ್ಟೂಲಿನ ಮೇಲೆ ಕುಳಿತು ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ. ಒಂದು ಕೈ ಬ್ರೆಡ್ಡಿಗೆ, ಇನ್ನೊಂದು ಕೈ ಗದ್ದಕ್ಕೆ. ಅಗಿಯುವಾಗಲೂ ಕೆಳಗಿನ ದವಡೆಯನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದಿದ್ದ. ನೆರಳಲ್ಲಿದ್ದರೂ ಕನ್ನಡಕ ತೆಗೆದಿರಲಿಲ್ಲ.

"ಬರ್ರಿ ಜಮೇದಾರ ಸಾಹೇಬ್ರ. ಸೋಡಾ ಕೊಡ್ಲಿ?" ಮಾತು ಮೂಗಿನಿಂದ ಬಂತು.

"ಮೊದಲ ಔಷಧದ ಡಬ್ಬಿ ಕೊಡಪಾ."

ಫ್ರಿಜ್ಜಿನಲ್ಲಿ ಶರಬತ್ತಿನ ಸೀಸೆಗಳ ಹಿಂದೆ ಎರಡು ಡಬ್ಬಿಗಳಿದ್ದವು. ಜೈನಬಿಯದು ಸರಿಯಾಗಿತ್ತು. ಚಂದವ್ವನ ಡಬ್ಬಿಯಲ್ಲಿ ಸೂಜಿ ಇಡಲು ನಾಲ್ಕು ಗೂಡು. ಹೊಸ ಡಬ್ಬಿ, ಸೋಮವಾರವಷ್ಟೇ ಮೊದಲು ಒಡೆದದ್ದು, ಮೂರು ಇರಬೇಕು. ಇದ್ದದ್ದು ಒಂದೇ.

ಅಂದಾನಪ್ಪ ಬರ್ಫದ ಪೆಟ್ಟಿಗೆಗೆ ಕೈ ಹಾಕಿ ಒಂದು ತುಂಡು ತೆಗೆದ, ತನ್ನ ಹೆಗಲ ಟವೆಲ್ಲಿನಲ್ಲಿ ಸುತ್ತಿದ.

"ಕನ್ನಡಕ ತೆಗಿ ನಾಗಲಿಂಗಾ."

"ಯಾಕ್ರಿ? ಕಣ್ಣು ಬಂದಾವ್ರಿ ನಂಗ..."

"ತೆಗೀಲೇ."

ಕನ್ನಡಕ ಕೆಳಗಿಳಿಯಿತು. ಬಲಗಣ್ಣಿನ ರೆಪ್ಪೆ ಪೂರ್ತಿ ಇಳಿದುಬಿಟ್ಟಿತ್ತು. ಅಂದಾನಪ್ಪ ಅದರ ಮೇಲೆ ಟವೆಲ್ಲು ಒತ್ತಿ ಹಿಡಿದ. ನಾಗಲಿಂಗ ಕೊಸರಾಡಲಿಲ್ಲ. ಮುಂಜಾನೆ ನೋಡಿದ್ದನಲ್ಲ, ಮುಂದೇನಾಗುತ್ತದೆಂದು ಅವನಿಗೂ ಗೊತ್ತಿತ್ತು. ನೀರು ಅವನ ಕೆನ್ನೆಗುಂಟ ಇಳಿದು ಅಂಗಿ ತೊಯ್ಯಿತು.

ಟವೆಲ್ಲು ತೆಗೆದಾಗ ರೆಪ್ಪೆ ಮೇಲೆದ್ದಿತ್ತು. ತೆರೆದ ಕಣ್ಣು ಅಂದಾನಪ್ಪನನ್ನು ನೋಡಲಾರದೆ ನೆಲ ನೋಡಿತು.

"ಕಳ್ಳ ಸಿಕ್ಕ ಅಂತ ನಾ ಕುಣೀಬೇಕು ಈಗ" ಎಂದ ಅಂದಾನಪ್ಪ ಮೆತ್ತಗೆ. "ಯಾಕೋ ಮನಸ್ಸು ಬರವಲ್ದು. ಹೇಳು."

"ಕಳ್ಳ ಅನಬ್ಯಾಡ್ರಿ. ಕದ್ದಿಲ್ರಿ ನಾ, ಮಗಳ ಆಣಿ. ಗುಳೇದಗುಡ್ಡದಾಗ ಆಕಿ ಸಂಬಂಧ ಕೂಡೈತಿ. ಅಪ್ಪಗ ನರದ ರೋಗ ಐತಿ ಅಂತ ಗೊತ್ತಾದ್ರ ಬೀಗರು ಬಿಡ್ತಾರೇನ್ರಿ? ಯಾರಿಗೂ ಹೇಳಿದ್ದಿಲ್ಲ. ಚಂದವ್ವ ಕಂಡುಹಿಡಿದ್ಲು. ನನ್ನ ಗದ್ದಾ ನೋಡಿ, 'ನೀನೂ ನಮ್ಮವನs ಏನೋ?' ಅಂತ ನಕ್ಕಳು. ಸೋಮವಾರ ತನ್ನ ಡಬ್ಬಿ ಒಡೆದಾಕಿ ಒಂದು ಸೂಜಿ ನನ್ನ ಕೈಯಾಗ ಇಟ್ಟು, 'ಒಮ್ಮೆ ತಗೊಂಡು ನೋಡು, ಹತ್ತಿದ್ರ ನಿನ್ನೂ ಪಾಳಿಗೆ ಹಚ್ತೀವಿ' ಅಂದ್ಲು."

"ತಗೊಂಡಿ?"

"ಅವತ್ತs ತಗೊಂಡೆ." ನಾಗಲಿಂಗ ಗದ್ದಕ್ಕೆ ಮತ್ತೆ ಕೈ ಕೊಟ್ಟ. "ಸಂಜಿಗೆ ನಂಗ ಉಗುಳು ನುಂಗಾಕ ಆಗ್ಲಿಲ್ಲ. ಕುತ್ತಿಗಿ ನಿಲ್ಲಲಿಲ್ಲ. ಎದಿ ಮ್ಯಾಲೆ ಯಾರೋ ಕುಂತಂಗಾತು. ನಂದು ಇನ್ನೂ ಸಣ್ಣ ರೋಗ ಅಂತ ಕಾಣತೈತಿ, ಉಳಿದೆ. ಅಷ್ಟರಾಗ ಓಣ್ಯಾಗ ಬಾಯಿ ಮಾಡಿದ್ರು, ಚಂದವ್ವ ಬಿದ್ಲು ಅಂತ."

"ಅವತ್ತs ಹೇಳಬಾರದಿತ್ತೇನಲೇ!"

"ಹೇಳಿದ್ರ ನಂದೂ ಹೊರಗ ಬೀಳ್ತಿತ್ತಲ್ರಿ."

ಅಂದಾನಪ್ಪನ ತಲೆಯಲ್ಲಿ ಬೆಳಗ್ಗಿನಿಂದ ಸುತ್ತುತ್ತಿದ್ದದ್ದು ಒಮ್ಮೆಗೇ ನಿಂತಿತು. ಒಬ್ಬಳಿಗಲ್ಲ, ಒಂದೇ ಡಬ್ಬಿಯ ಸೂಜಿ ಚುಚ್ಚಿಕೊಂಡ ಇಬ್ಬರಿಗೂ ಹಾಗಾಗಿದೆ. ಹಿಂದಿನ ಡಬ್ಬಿಗಳಿಂದ ಯಾರಿಗೂ ಹೀಗಾಗಿರಲಿಲ್ಲ. ಡಬ್ಬಿಯಲ್ಲಿರುವುದು ಔಷಧವೂ ಅಲ್ಲ, ನೀರೂ ಅಲ್ಲ.

ಅವನು ಡಬ್ಬಿಯನ್ನು ಬೆಳಕಿಗೆ ಹಿಡಿದ. ಮುಚ್ಚಳದ ಮೇಲಿನ ಮುದ್ರೆಯ ಚೀಟಿ ಒಂದು ಕಡೆ ಸೊಟ್ಟಗೆ ಕೂತಿತ್ತು. ಉಗುರಿನಿಂದ ಎಬ್ಬಿಸಿದ. ಕೆಳಗೆ ಹೊಂಬಣ್ಣದ ಅಂಟು, ಅದರಲ್ಲಿ ಸಿಕ್ಕಿಕೊಂಡ ಒಂದೇ ಒಂದು ಗಸಗಸೆ ಕಾಳು. ಮೂಗಿಗೆ ಹಿಡಿದ. ಬೆಲ್ಲ, ತುಪ್ಪ. ಬೆಳಗ್ಗೆ ಜೈನಬಿ ಕೊಟ್ಟ ತುಂಡಿನದೇ ವಾಸನೆ.

"ಇದನ್ನ ಸಂತೋಷಕುಮಾರ ತಾನs ತಂದು ಇಟ್ಟನೇನು?"

"ಈ ಸರ್ತಿ ಅಂವ ಬಂದೇ ಇಲ್ರಿ. ಮುಂಜಾನಿ ಬಸ್ಸಿನ ಡ್ರೈವರ ಕೈಯಾಗ ಕೊಟ್ಟು ಕಳಿಸಿದ್ರು. ಅಮೀನಗಡದಾಗ ಯಾರೋ ಹೆಣ್ಮಗಳು ಕೊಟ್ಲಂತ."

ಹೆಣ್ಣುಮಗಳು! ಯಾವ ಹೆಣ್ಣುಮಗಳು? ಕರದಂಟಿನ ಅಂಗಡಿಯ ಮಗಳು, ಸಂತೋಷಕುಮಾರನ ಹೆಂಡತಿಯೇ? ಸಂತೋಷಕುಮಾರ ಔಷಧ ತರುವ ಬರ್ಫದ ಪೆಟ್ಟಿಗೆಯನ್ನು ಯಾರ ಕೈಗೂ ಕೊಡುವವನಲ್ಲ ಎಂದು ಭಾಗ್ಯಜ್ಯೋತಿ ಆಣೆ ಮಾಡಿ ಹೇಳಿದ್ದಳು. ಒಂದು ಗಂಟು ಬಿಚ್ಚಿದರೆ ಅದರ ಹೊಟ್ಟೆಯಲ್ಲಿ ಇನ್ನೊಂದು.

ಆಗ ಅವನಿಗೆ ಲೆಕ್ಕ ನೆನಪಾಯಿತು. ಚಂದವ್ವ ಒಂದು. ನಾಗಲಿಂಗ ಒಂದು. ಡಬ್ಬಿಯಲ್ಲಿ ಒಂದು.

"ಇನ್ನೊಂದು ಎಲ್ಲೈತಿ?"

"ಜೈನಬಿ ಒಯ್ದಾಳಲ್ರಿ, ಆಗಳೆ. ಡಾಕ್ಟರ್ ಕೇಳ್ಯಾರ ಅಂದ್ಲು. ಬರ್ಫದಾಗ ಸುತ್ತಿ ಕೊಟ್ಟೆ."

ಅಂದಾನಪ್ಪನ ಅಂಗೈಗೆ ಆ ಚೀಲದ ಬುಡದ ಥಂಡಿ ಮತ್ತೆ ಹತ್ತಿದಂತಾಯಿತು. *ಚಂದವ್ವಗ, ಯಣ್ಣಾ.* ತಾನೇ ಹಿಡಿದುಕೊಂಡಿದ್ದ, ತಾನೇ ಮಡಿಲಿಗೆ ಇಟ್ಟಿದ್ದ! ಜೈನಬಿ ಅದನ್ನಿನ್ನೂ ಔಷಧವೆಂದೇ ನಂಬಿದ್ದಳು.

ಭಾಗ್ಯಜ್ಯೋತಿಗೆ ಫೋನು ಹಚ್ಚಿದ. ಬಂದಾಗಿತ್ತು. ಸಮಿತಿಯ ಮುಂದೆ ಕುಳಿತಿರಬೇಕು. ಜೈನಬಿಯ ಹತ್ತಿರ ಫೋನೇ ಇಲ್ಲ. ದುರ್ಗಪ್ಪನ ನಂಬರು ಒತ್ತಿದ. ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು.

"ಹಲೋ, ಜಮೇದಾರ್ರೇನು?" ಮೊನ್ನೆಯಿಂದ ಬೆಂಕಿ ಕಾರುತ್ತಿದ್ದ ದುರ್ಗಪ್ಪನ ದನಿ ಇವತ್ತು ಮೆತ್ತಗಾಗಿತ್ತು.

"ದುರ್ಗಪ್ಪಾ, ಜೈನಬಿ ಎಲ್ಲದಾಳ?"

"ಬಂದಾಳ್ರಿ ಪಾಪ, ಗ್ವಾಡಿ ಹಿಡಕೊಂಡು ನಡಕೋತ ಬಂದ್ಲು. ಒಳಗ ಒಬ್ಬೊಬ್ಬರನ್ನs ಬಿಡ್ತಾರ. ನಾ ಹೊರಗ ಬಂದು ಆಕಿನ್ನ ಕಳಿಸೇನಿ."

"ಆಕಿ ಚೀಲಾ?"

"ಕೈಯಾಗs ಐತಿ. ಇಲ್ಲೇ ಬಿಡವಾ ಅಂದ್ರ ಒಲ್ಲೆ ಅಂದ್ಲು. ಏನೋ ಅಂದ್ಲ್ರಿ, ನನಗ ತಿಳೀಲಿಲ್ಲ. 'ಈ ವಾರದ ನನ್ನ ಪಾಳಿ ಆಕಿಗೆ ಬಿಟ್ಟುಕೊಟ್ಟೇನಿ' ಅಂದು, ಒಳಗ ಹೋಗಿ ಬಾಗಿಲಾ ಹಾಕಿಕೊಂಡ್ಲು. ಜಮೇದಾರ್ರ, ಯಾವ ಪಾಳಿರಿ ಅದು?"